ಮಹಾರಾಜರಿಗೆ ಅರ್ಪಿಸಿದ ಕಾನ್ಸರ್ಟೊ

ಮೈಸೂರಿನ ಜಯಚಾಮರಾಜೇಂದ್ರ ಒಡೆಯರ್ ಬಗ್ಗೆ ಬರೆಯುವಾಗ ನಮ್ಮವರು ಹೆಚ್ಚಾಗಿ ಒಂದು ವಾಕ್ಯ ಸೇರಿಸುತ್ತಾರೆ: ಅವರಿಗೆ ಪಾಶ್ಚಾತ್ಯ ಸಂಗೀತವೂ ಗೊತ್ತಿತ್ತು, ರಷ್ಯದ ಮೆಟ್ನರ್ ಎಂಬವರ ಕೃತಿಗಳನ್ನು ಲಂಡನ್ನಿನಲ್ಲಿ ರೆಕಾರ್ಡ್ ಮಾಡಿಸಿದರು, ಅಂತ. ಅಲ್ಲಿಗೆ ಮಾತು ಮುಗಿಯಿತು. ಆ ಮೆಟ್ನರ್ ಯಾರು, ಅವರ ಸಂಗೀತ ಹೇಗುಂಟು, ಸಮುದ್ರದ ಈಚೆಯಿಂದ ಒಬ್ಬ ದೊರೆ ಹಣ ಕೊಡುವಂಥದ್ದು ಅದರಲ್ಲಿ ಎಂತದ್ದಿತ್ತು ಎಂದು ಕೇಳುವವರು ಕಡಿಮೆ. ದಾನಿಯನ್ನು ಹೊಗಳಿದರೆ ಸಾಕು, ದಾನ ಸಂದ ವಸ್ತುವನ್ನು ನೋಡಬೇಕಾಗಿಲ್ಲ ಎಂಬ ಈ ಅಭ್ಯಾಸ ನನಗೆ ಸರಿ ಕಾಣುವುದಿಲ್ಲ. ಮಹಾರಾಜರು ದೊಡ್ಡ ರಸಿಕರು ಎಂದು ಹೇಳಬೇಕಾದರೆ ಮೊದಲು ಆ ಸಂಗೀತ ಒಳ್ಳೆಯದೋ ಅಲ್ಲವೋ ಎಂದು ತೀರ್ಮಾನ ಆಗಬೇಕಲ್ಲ?

ನಿಕೊಲಾಯ್ ಮೆಟ್ನರ್ ಮಾಸ್ಕೋದವರು, 1880ರಲ್ಲಿ ಹುಟ್ಟಿದವರು. ಕ್ರಾಂತಿಯ ನಂತರ 1921ರಲ್ಲಿ ದೇಶ ಬಿಟ್ಟರು. ಜರ್ಮನಿ, ಫ್ರಾನ್ಸ್ ಸುತ್ತಿ ಕೊನೆಗೆ ಲಂಡನ್ನಿನಲ್ಲಿ ನೆಲೆಸಿ, 1951ರಲ್ಲಿ ಅಲ್ಲೇ ತೀರಿಕೊಂಡರು. ಆ ಕಾಲಕ್ಕೆ ಯುರೋಪಿನ ಸಂಗೀತ ತಲೆಕೆಳಗಾಗುತ್ತಿತ್ತು. ಸ್ಟ್ರಾವಿನ್ಸ್ಕಿ, ಶೋನ್‌ಬರ್ಗ್ ಮುಂತಾದವರು ಹಳೆಯ ವ್ಯಾಕರಣವನ್ನೇ ಒಡೆಯುತ್ತಿದ್ದರು. ಮೆಟ್ನರ್ ಮಾತ್ರ ಒಪ್ಪಲಿಲ್ಲ. ಬೀಥೊವನ್‌ನಿಂದ ಬಂದ ದಾರಿಯೇ ದಾರಿ ಎಂದು ಹಟ ಹಿಡಿದು ಕೂತರು, 1935ರಲ್ಲಿ ಅದನ್ನು ವಾದಿಸುವ ಪುಸ್ತಕವನ್ನೂ ಬರೆದರು. ಅವರ ಪರವಾಗಿ ನಿಂತ ದೊಡ್ಡ ಹೆಸರೆಂದರೆ ಗೆಳೆಯ ರಾಕ್ಮಾನಿನೊಫ್. ತನ್ನ ನಾಲ್ಕನೆಯ ಪಿಯಾನೊ ಕಾನ್ಸರ್ಟೊವನ್ನು ಅವರು ಮೆಟ್ನರ್‌ಗೆ ಅರ್ಪಿಸಿದರೆ, ಮೆಟ್ನರ್ ತನ್ನ ಎರಡನೆಯದನ್ನು ರಾಕ್ಮಾನಿನೊಫ್‌ಗೆ ಅರ್ಪಿಸಿದರು.

ಕಾನ್ಸರ್ಟೊ, ಕ್ವಿಂಟೆಟ್ ಎಂಬ ಶಬ್ದಗಳನ್ನು ಇಲ್ಲಿ ಸ್ವಲ್ಪ ಬಿಡಿಸಬೇಕು. ಕಾನ್ಸರ್ಟೊ ಎಂದರೆ ದೊಡ್ಡ ವಾದ್ಯವೃಂದದ ಎದುರು ಒಬ್ಬ ವಾದಕ. ಅರವತ್ತು ಎಪ್ಪತ್ತು ಮಂದಿಯ ನಾದಕ್ಕೆ ಒಬ್ಬನೇ ಜವಾಬು ಕೊಡಬೇಕು. ಚೇಂಬರ್ ಸಂಗೀತ ಹಾಗಲ್ಲ, ಅದು ಕೋಣೆಯಲ್ಲಿ ಕೂತು ನುಡಿಸುವುದು. ಪಿಯಾನೊ ಕ್ವಿಂಟೆಟ್‌ನಲ್ಲಿ ಒಂದು ಪಿಯಾನೊ, ಎರಡು ಪಿಟೀಲು, ಒಂದು ವಯೋಲ, ಒಂದು ಚೆಲ್ಲೊ, ಒಟ್ಟು ಐದೇ ಜನ. ಕೋಲು ಬೀಸುವ ನಿರ್ದೇಶಕ ಇಲ್ಲ, ಯಾರೂ ಯಾರ ಹಿಂದೆಯೂ ಅಡಗುವಂತಿಲ್ಲ. ನಮಗೆ ಇದು ಅರ್ಥವಾಗುವುದು ಕಷ್ಟವಲ್ಲ: ಒಂದು ಬಯಲಾಟ, ಇನ್ನೊಂದು ತಾಳಮದ್ದಳೆ. ಬಯಲಾಟಕ್ಕೆ ಕಿರೀಟ, ಬಣ್ಣ, ಪ್ರವೇಶದ ಅಬ್ಬರ ಎಲ್ಲ ಉಂಟು. ತಾಳಮದ್ದಳೆಯಲ್ಲಿ ಚಾವಡಿಯಲ್ಲಿ ಎದುರುಬದುರು ಕೂತು ಮಾತಿನಲ್ಲೇ ಕತೆ ನಿಲ್ಲಿಸಬೇಕು. (ಹೋಲಿಕೆ ಇಲ್ಲಿಗೇ ಸಾಕು. ಅರ್ಥಧಾರಿಗಿರುವ ಆಶುಮಾತಿನ ಸ್ವಾತಂತ್ರ್ಯ ಅವರಿಗಿಲ್ಲ, ಎಲ್ಲವೂ ಬರೆದಿಟ್ಟ ಸ್ವರ.)

ಮಹಾರಾಜರಿಗೆ ಅರ್ಪಿತವಾದದ್ದು ಮೆಟ್ನರ್‌ರ ಮೂರನೆಯ ಪಿಯಾನೊ ಕಾನ್ಸರ್ಟೊ. ಅರ್ಪಣೆ ನೋಡಿ ಇದು ಅರಮನೆಯ ಅಪ್ಪಣೆಯಂತೆ ಬರೆದದ್ದು ಎಂದು ತಿಳಿಯಬಾರದು. ಬರೆದದ್ದು 1940ರಿಂದ 1943ರ ಒಳಗೆ, ಯುದ್ಧದ ನಡುವೆ. ಲಂಡನ್ನಿಗೆ ಬಾಂಬು ಬೀಳುತ್ತಿತ್ತು, ಜರ್ಮನಿಯ ಪ್ರಕಾಶಕರಿಂದ ಬರುತ್ತಿದ್ದ ಹಣ ನಿಂತಿತ್ತು. ಶಿಷ್ಯೆ ಎಡ್ನಾ ಐಲ್ಸ್ ಅವರ ಕುಟುಂಬ ವಾರಿಕ್‌ಷೈರ್‌ನ ಹಳ್ಳಿಯಲ್ಲಿ ಗಂಡಹೆಂಡತಿಗೆ ಆಸರೆ ಕೊಟ್ಟಿತು. 1942ರಲ್ಲಿ ಹೃದಯಾಘಾತವೂ ಆಯಿತು. ಆದರೂ 1944ರ ಫೆಬ್ರವರಿಯಲ್ಲಿ ಲಂಡನ್ನಿನ ಆಲ್ಬರ್ಟ್ ಹಾಲ್‌ನಲ್ಲಿ ಸ್ವತಃ ಕೂತು ನುಡಿಸಿದರು. ಮೈಸೂರಿನ ನೆರವು ಬಂದದ್ದು ಯುದ್ಧ ಮುಗಿದ ಮೇಲೆ. ಅಂದರೆ ಅರ್ಪಣೆ ಋಣಸಂದಾಯವೇ ಹೊರತು ಆಸ್ಥಾನದ ಹೊಗಳಿಕೆ ಅಲ್ಲ.

ಈ ಕೃತಿಗೆ 'ಬಲಾಡ್' ಎಂದೂ ಹೆಸರುಂಟು, ಅಂದರೆ ಕಥನಗೀತೆ. ಹಿಂದೆ ಇರುವುದು ಲೆರ್ಮೊಂತೊವ್‌ನ ಒಂದು ಕವನ: ನದಿಯ ತಳದಲ್ಲಿ ಒಬ್ಬ ವೀರ ಮಲಗಿದ್ದಾನೆ. ಜಲಕನ್ಯೆ ಮುದ್ದಿಸಿದರೂ ಅವನು ಏಳುವುದಿಲ್ಲ. ಕವನ ಅಲ್ಲಿಗೆ ನಿಲ್ಲುತ್ತದೆ. ಸಂಗೀತ ನಿಲ್ಲುವುದಿಲ್ಲ. ಮೂರು ಭಾಗಗಳೂ ನಡುವೆ ಉಸಿರು ಬಿಡದೆ ಒಂದಕ್ಕೊಂದು ಕೂಡಿಕೊಂಡಿವೆ, ಕೊನೆಯ ಭಾಗದ ತಲೆಯಲ್ಲೇ ಮೆಟ್ನರ್ 'ಎಚ್ಚರಗೊಳ್ಳುತ್ತ' ಎಂಬರ್ಥದ ಇಟಾಲಿಯನ್ ಶಬ್ದ ಬರೆದಿದ್ದಾರೆ. ಕವಿ ಮಲಗಿಸಿದವನನ್ನು ಸಂಗೀತಗಾರ ಎಬ್ಬಿಸಿದ.

ಇಲ್ಲಿ ಪಿಯಾನೊ ವಾದ್ಯವೃಂದದೊಡನೆ ಜಗಳಕ್ಕೆ ನಿಲ್ಲುವುದಿಲ್ಲ. ಕತೆ ಹೇಳುವವನಂತೆ ಒಂದೇ ಸಮನೆ ಹೇಳುತ್ತಾ ಹೋಗುತ್ತದೆ, ವೃಂದ ಅದರ ಮಾತಿಗೆ ನದಿಯಾಗುತ್ತದೆ, ಮಂಜಾಗುತ್ತದೆ. ಮೊದಲ ಭಾಗದ ಈ ನಿಧಾನ ನನಗೆ ಬಹಳ ಹಿಡಿಸಿದ್ದು. ದೋಷವೂ ಉಂಟು, ಅದನ್ನು ಮುಚ್ಚಬಾರದು. ಮೆಟ್ನರ್‌ರ ಕೈ ಪಿಯಾನೊದ್ದು. ಅವರ ಎಲ್ಲ ಕೃತಿಗಳಲ್ಲೂ ಪಿಯಾನೊ ಇದೆ ಎಂಬುದೇ ಅದಕ್ಕೆ ಸಾಕ್ಷಿ. ಹಾಗಾಗಿ ವೃಂದ ಎಷ್ಟೋ ಕಡೆ ಪಿಯಾನೊ ಹೇಳಿದ್ದಕ್ಕೇ ಬಣ್ಣ ಹಚ್ಚುತ್ತದೆ ಅಷ್ಟೆ, ತಾನಾಗಿ ಏನೂ ಹೇಳುವುದಿಲ್ಲ. ಕೊನೆಯ ಭಾಗ ಉದ್ದವಾಯಿತು. ಎಚ್ಚರವಾದ ವೀರನನ್ನು ಪುನಃ ಪುನಃ ಎಬ್ಬಿಸಿದ ಹಾಗೆ ಆಗುತ್ತದೆ. ರಾಕ್ಮಾನಿನೊಫ್ ಆದರೆ ಒಂದು ರಾಗದಲ್ಲಿ ಕೇಳುಗನ ಕಣ್ಣಲ್ಲಿ ನೀರು ತರಿಸುತ್ತಿದ್ದರು. ಮೆಟ್ನರ್ ಅದಕ್ಕೆ ಒಪ್ಪುವವರಲ್ಲ, ಮೂರು ಸಲ ಕೇಳಿದವನಿಗೆ ಮಾತ್ರ ಒಲಿಯುತ್ತಾರೆ.

ನನ್ನನ್ನು ಕೇಳಿದರೆ, ಅವರ ನಿಜವಾದ ದೊಡ್ಡ ಕೃತಿ ಕಾನ್ಸರ್ಟೊ ಅಲ್ಲ, ಪಿಯಾನೊ ಕ್ವಿಂಟೆಟ್. ಇಪ್ಪತ್ತನೆಯ ಶತಮಾನದ ಮೊದಲ ವರ್ಷಗಳಲ್ಲಿ, ಹರೆಯದಲ್ಲಿ ಶುರು ಮಾಡಿದ್ದು. ಮುಗಿಸಿದ್ದು ಸಾಯುವುದಕ್ಕೆ ಎರಡು ಮೂರು ವರ್ಷ ಮೊದಲು. ನಡುವೆ ನಲವತ್ತಕ್ಕಿಂತ ಹೆಚ್ಚು ವರ್ಷ! ಅಷ್ಟರಲ್ಲಿ ಎರಡು ಮಹಾಯುದ್ಧ, ಒಂದು ಕ್ರಾಂತಿ, ಮೂರು ನಾಲ್ಕು ದೇಶ ಕಳೆದುಹೋದವು. ಮರಣದ ದಿನದ ಹಳೆಯ ಕ್ರೈಸ್ತ ರಾಗವೊಂದು ಅದರಲ್ಲಿ ಬರುತ್ತದೆ, ಹಸಿದವರು ಧನ್ಯರು ಎಂಬ ಸುವಾರ್ತೆಯ ಮಾತಿಗೆ ಹೊಂದಿಸಿದ ಇನ್ನೊಂದು ರಾಗವೂ ಬರುತ್ತದೆ. ಭಯದ ರಾಗವನ್ನು ಇವರು ಗುಡುಗಿಸುವುದಿಲ್ಲ. ಮೊದಲ ಭಾಗಕ್ಕೆ ಕೊಟ್ಟ ಸೂಚನೆಯೇ 'ಬಹಳ ಶಾಂತವಾಗಿ' ಎಂದು. ಐದು ಜನ ಮೆಲ್ಲನೆ ಒಬ್ಬರ ಮಾತನ್ನು ಒಬ್ಬರು ಎತ್ತಿಕೊಳ್ಳುತ್ತಾರೆ. ಕಾನ್ಸರ್ಟೊದಲ್ಲಿ ದಪ್ಪವಾಗಿ ಕೇಳಿಸಿದ ಅದೇ ಮನಸ್ಸು ಇಲ್ಲಿ ತಿಳಿಯಾಗುತ್ತದೆ. ಚಾವಡಿಯೇ ಇವರ ರಂಗಸ್ಥಳವಾಗಿತ್ತು.

ಇಂಥದ್ದನ್ನು ಆಗಿನ ಕಾಲ ಹಳತು ಎಂದು ಬದಿಗೆ ಸರಿಸಿತ್ತು. ಮೂವತ್ತು ವರ್ಷ ತುಂಬದ ಮಹಾರಾಜರು, ಪಿಯಾನೊ ನುಡಿಸಬಲ್ಲವರು, ಫ್ಯಾಷನ್ ನೋಡದೆ ಕಿವಿಯನ್ನು ನಂಬಿದರು. ಅವರ ನೆರವಿನಿಂದ 1947ರಲ್ಲಿ ಮೂರೂ ಕಾನ್ಸರ್ಟೊಗಳು ಲಂಡನ್ನಿನ ಫಿಲ್‌ಹಾರ್ಮೋನಿಯ ವೃಂದದೊಡನೆ ರೆಕಾರ್ಡ್ ಆದವು. ನುಡಿಸಿದವರು ಮೆಟ್ನರ್ ಅವರೇ, ಅರವತ್ತೇಳರ ಪ್ರಾಯದಲ್ಲಿ. ಆ ಧ್ವನಿಮುದ್ರಣ ಈಗ ಮೊಬೈಲಿನಲ್ಲೂ ಸಿಗುತ್ತದೆ. ಹಳೆಯ ತಟ್ಟೆಯ ಸರಸರ ಸದ್ದು ಮೊದಲ ಐದು ನಿಮಿಷ ಕಿರಿಕಿರಿ ಮಾಡೀತು, ಮತ್ತೆ ಮರೆತುಹೋಗುತ್ತದೆ. ಮೂರನೆಯ ಕಾನ್ಸರ್ಟೊದ ಮೊದಲ ಭಾಗವನ್ನು ರಾತ್ರಿ ಊಟ ಆದ ಮೇಲೆ ಕೇಳಿ. ಕ್ವಿಂಟೆಟ್‌ಗೆ ಬೇರೆಯೇ ಒಂದು ದಿನ ಇಟ್ಟುಕೊಳ್ಳಿ.