ಸೂಟ್‌ಕೇಸಿನಲ್ಲಿದ್ದ ಫಿಲ್ಟರ್

ಫಾರಿನ್ನಿಗೆ ಹೊರಟ ನಮ್ಮವರ ಸೂಟ್‌ಕೇಸು ತೆರೆದು ನೋಡಿ. ಚಟ್ನಿಪುಡಿ, ಅವಲಕ್ಕಿ, ಕಾಲು ಕೆಜಿ ಕಾಫಿಪುಡಿ, ಸಾಕ್ಸಿನೊಳಗೆ ತುರುಕಿದ ಒಂದು ಪುಟ್ಟ ಸ್ಟೀಲ್ ಫಿಲ್ಟರ್. 2023ರ ಫೆಬ್ರವರಿಯಲ್ಲಿ ಆಫೀಸ್ ಕೆಲಸದ ಮೇಲೆ ಎರಡು ವಾರ ಇಟಲಿಯ ನೇಪಲ್ಸಿಗೆ ಹೋದಾಗ ನಾನೂ ಹೀಗೇ ಹೋಗಿದ್ದೆ. 'ಅಲ್ಲಿ ಕಾಫಿ ಅಂದ್ರೆ ಕಷಾಯ ಕಣೋ, ಅದೂ ಒಂದೇ ಗುಟುಕು' ಅಂತ ಗೆಳೆಯ ಮೊದಲೇ ಹೆದರಿಸಿದ್ದ. ಮೂರು ದಿನ ರೂಮಿನಲ್ಲೇ ಡಿಕಾಕ್ಷನ್ ಇಳಿಸಿ, ಪ್ಯಾಕೆಟ್ಟಿನ ಸಪ್ಪೆ ಹಾಲು ಬೆರೆಸಿ ಕುಡಿದೆ. ನಾಲ್ಕನೇ ದಿನ ಅಲ್ಲಿನ ಸಹೋದ್ಯೋಗಿಯೊಬ್ಬ ಎಳೆದುಕೊಂಡೇ ಹೋದ.

'ನಮ್ಮ ಫಿಲ್ಟರ್ ಕಾಫಿ ಮುಂದೆ ಇದೇನೂ ಅಲ್ಲ' ಅನ್ನೋದು ಪ್ರವಾಸಕ್ಕೆ ಹೋದ ನಮ್ಮವರ ರೆಡಿಮೇಡ್ ವಿಮರ್ಶೆ. ನನ್ನ ತಕರಾರು ಈ ವಿಮರ್ಶೆಯ ಬಗ್ಗೆಯೇ. ಲೋಟದ ತುಂಬ ಹಾಲು-ಸಕ್ಕರೆ ಬೆರೆಸಿದ ಕಾಫಿಯನ್ನು ಅಳೆಯುವ ಅಳತೆಗೋಲಿನಲ್ಲಿ ಎಸ್ಪ್ರೆಸೊ ಅಳೆದರೆ ಅದು ಫೇಲ್ ಆಗದೆ ಇನ್ನೇನಾಗುತ್ತೆ? ಅದನ್ನು ಕುಡಿಯೋದಕ್ಕೆ ಅದರದೇ ರೀತಿ ಇದೆ. ಅಲ್ಲಿ ಬಾರ್ ಅಂದರೆ ಕಾಫಿ ಅಂಗಡಿ. 'ಕಾಫೆ' ಅಂದರೆ ಎಸ್ಪ್ರೆಸೊನೇ. 'ಲಾತ್ತೆ' ಕೇಳಿದರೆ ಬರೀ ಹಾಲು ಬರುತ್ತೆ. ಜೊತೆಗೆ ಕೊಡುವ ನೀರನ್ನು ಕಾಫಿಗೆ ಮೊದಲೇ ಕುಡೀಬೇಕು, ಬಾಯಿ ಚೊಕ್ಕ ಆಗಲಿ ಅಂತ. ಸುಮಾರು 7 ಗ್ರಾಂ ಪುಡಿ, 9 ಬಾರ್ ಒತ್ತಡ, 25 ಸೆಕೆಂಡು. ಕಪ್ಪಿಗೆ ಬೀಳೋದು 25ರಿಂದ 30 ಮಿಲಿ. ಕೌಂಟರಿಗೆ ಒರಗಿ ಮೂರು ಗುಟುಕಿನಲ್ಲಿ ಮುಗಿಸಿ ಜನ ಹೊರಡ್ತಾರೆ. ಕೂತು ಕುಡಿದರೆ ಎಷ್ಟೋ ಕಡೆ ರೇಟು ಜಾಸ್ತಿ. ನಮ್ಮ ದರ್ಶಿನಿಗಳಲ್ಲಿ ಬೆಳೆದವರಿಗೆ ಇದರಲ್ಲಿ ಅರ್ಥವಾಗದ್ದೇನೂ ಇಲ್ಲ.

ಇಷ್ಟು ಚಿಕ್ಕ ಕಪ್ಪಿನ ಹಿಂದೆ ದೊಡ್ಡ ಇಂಜಿನಿಯರಿಂಗ್ ಇದೆ. 1884ರಲ್ಲಿ ತೂರಿನ್‌ನ ಆಂಜೆಲೊ ಮೊರಿಯೊಂಡೊ ಉಗಿಯಿಂದ ನಡೆಯುವ ಕಾಫಿ ಯಂತ್ರಕ್ಕೆ ಪೇಟೆಂಟ್ ಪಡೆದ. 1901ರಲ್ಲಿ ಮಿಲಾನಿನ ಲುಯಿಜಿ ಬೆಜ್ಜೆರಾ ಒಂದೊಂದೇ ಕಪ್ಪು ಇಳಿಸುವ ಯಂತ್ರದ ಪೇಟೆಂಟಿಗೆ ಅರ್ಜಿ ಹಾಕಿದ. ಎರಡನೇ ಮಹಾಯುದ್ಧದ ನಂತರ ಬಂದ ಅಕಿಲ್ಲೆ ಗಾಜ್ಜಿಯಾನ ಲಿವರ್ ಯಂತ್ರ ಒತ್ತಡ ಹೆಚ್ಚಿಸಿತು. ಎಸ್ಪ್ರೆಸೊ ಮೇಲಿನ ಹೊಂಬಣ್ಣದ ನೊರೆ, ಅವರು 'ಕ್ರೆಮಾ' ಅನ್ನುವುದು, ಆ ಒತ್ತಡದ ಕೊಡುಗೆ. ಆದರೆ ನೇಪಲ್ಸಿನ ಮನೆಗಳ ಹಳೇ ಕಾಫಿ ಪಾತ್ರೆ 'ಕುಕ್ಕುಮೆಲ್ಲಾ'ಗೆ ಒತ್ತಡವೇ ಬೇಡ. ನೀರು ಕುದಿದ ಮೇಲೆ ಪಾತ್ರೆಯನ್ನು ತಲೆಕೆಳಗು ಮಾಡಿ ಇಟ್ಟರೆ ಡಿಕಾಕ್ಷನ್ ತೊಟ್ಟುತೊಟ್ಟಾಗಿ ತಾನೇ ಇಳಿಯುತ್ತೆ. ಅದನ್ನು ನೋಡಿದಾಗ ನನ್ನ ಸೂಟ್‌ಕೇಸಿನ ಫಿಲ್ಟರಿನ ದಾಯಾದಿ ಸಿಕ್ಕ ಹಾಗಾಯ್ತು.

ಕಾಫಿ ಹೇಗಿತ್ತು? ಕಹಿ, ದಪ್ಪ, ಕೊನೇ ಗುಟುಕಿಗೆ ಚಾಕೊಲೇಟಿನ ಛಾಯೆ. ಹುರಿದದ್ದು ಒಂದು ಕೈ ಜಾಸ್ತಿಯೇ. ಸಕ್ಕರೆ ಹಾಕದೆ ಎಲ್ಲರಿಗೂ ಇಳಿಯಲ್ಲ. ಆದರೆ ಆ ರುಚಿ ನನಗೆ ಗುರುತಿನದು. 'ಅರೇಬಿಕಾನಾ?' ಅಂತ ಗೆಳೆಯನ ಮೂಲಕ ಕೇಳಿಸಿದೆ. ಕೌಂಟರಿನವನು ಕ್ರೆಮಾ ಕಡೆ ಬೆರಳು ತೋರಿಸಿ, ರೋಬಸ್ಟಾ ಇಲ್ಲದೆ ಇದು ಹೇಗೆ ಬರುತ್ತೆ ಅಂದ.

ಇಲ್ಲಿ ಒಂದು ತಪ್ಪೊಪ್ಪಿಗೆ ಇದೆ. ಸಕಲೇಶಪುರದ ಕಡೆಯ ನಮ್ಮ ಹಳ್ಳಿಯಲ್ಲಿ ನಮಗಿರೋದು ಎರಡೆಕರೆ ರೋಬಸ್ಟಾ. ಒಳ್ಳೇ ಬೀಜ ಮಾರಾಟಕ್ಕೆ, ಮುರುಕಲು ಮನೆಗೆ. ನಾವು ಅದನ್ನೇ ಹುರಿದು ಪುಡಿಮಾಡಿ ಬೆಲ್ಲದ ಕಾಫಿ ಕುಡೀತಿದ್ವಿ. ನೆಂಟರು ಬಂದರೆ ಮಾತ್ರ ಪೇಟೆಯಿಂದ ತಂದ ಅರೇಬಿಕಾ ಪುಡಿ. ಇಂಜಿನಿಯರಿಂಗ್ ಹಾಸ್ಟೆಲಿನಲ್ಲಿ ಯಾರಾದರೂ ಕೇಳಿದರೆ 'ನಮ್ದು ಅರೇಬಿಕಾ ತೋಟ' ಅಂತ ಸುಳ್ಳು ಹೇಳ್ತಿದ್ದೆ. ನಾನು ನಾಚಿಕೆಪಟ್ಟಿದ್ದ ಬೀಜವನ್ನು ಇಲ್ಲೊಬ್ಬ ಬೆರಳು ಮಾಡಿ ತೋರಿಸಿ ಹೆಮ್ಮೆಪಡ್ತಿದ್ದ.

ಭಾರತದ ಕಾಫಿಯಲ್ಲಿ ಸುಮಾರು 70 ಶೇಕಡಾ ಕರ್ನಾಟಕದ್ದು. ಒಟ್ಟು ಬೆಳೆಯಲ್ಲೂ ಹೆಚ್ಚಿನ ಪಾಲು ರೋಬಸ್ಟಾ. ನಮ್ಮ ಕಾಫಿ ಕೊಳ್ಳುವ ದೇಶಗಳಲ್ಲಿ ಇಟಲಿ ವರ್ಷಗಳಿಂದ ಮುಂಚೂಣಿಯಲ್ಲಿದೆ. ಪಲ್ಪರ್ ಮಾಡಿ, ತೊಳೆದು ಒಣಗಿಸಿದ ನಮ್ಮ ರೋಬಸ್ಟಾಕ್ಕೆ ಎಸ್ಪ್ರೆಸೊ ಮಿಶ್ರಣಗಳಲ್ಲಿ ಒಳ್ಳೇ ಹೆಸರಿದೆ. ಹಾಗಿದ್ದೂ ಬೆಂಗಳೂರಿನಲ್ಲಿ 'ಹಂಡ್ರೆಡ್ ಪರ್ಸೆಂಟ್ ಅರೇಬಿಕಾ' ಅನ್ನೋದನ್ನು ನಾವು ಹಾಲ್‌ಮಾರ್ಕ್ ಥರ ಓದ್ತೀವಿ. ಅರೇಬಿಕಾ ಬೇರೆ ರುಚಿ, ಒಪ್ಪೋಣ. ಆದರೆ ಕೆಟ್ಟದಾಗಿ ಒಣಗಿಸಿದ ರೋಬಸ್ಟಾ ಕುಡಿದು ರೋಬಸ್ಟಾನೇ ಕೆಟ್ಟದ್ದು ಅನ್ನೋದು, ಸೀದ ದೋಸೆ ತಿಂದು ಅಕ್ಕಿಯನ್ನು ಬೈದ ಹಾಗೆ.

ಹಾಗಂತ ನೇಪಲ್ಸನ್ನೂ ಸುಮ್ಮನೆ ಬಿಡಲಾರೆ. 'ಈ ರೋಬಸ್ಟಾ ಯಾವೂರಿಂದ ಬಂತು?' ಅಂದರೆ ಅವನಿಗೆ ಗೊತ್ತಿಲ್ಲ. ಚೀಲದ ಮೇಲೆ ಹುರಿದವರ ಹೆಸರು ದೊಡ್ಡದಾಗಿತ್ತು, ಬೆಳೆದ ದೇಶದ ಹೆಸರೂ ಇರಲಿಲ್ಲ. ಆ ದಿನ ಒಂದು ಕಪ್ಪಿಗೆ ಕೊಟ್ಟದ್ದು 1 ಯೂರೋ 20 ಸೆಂಟ್. ಕಪ್ಪಿಗೆ 7 ಗ್ರಾಂ ಅಂದರೆ ಒಂದು ಕೆಜಿಗೆ 140 ಕಪ್ಪು, ಸುಮಾರು 170 ಯೂರೋ. ಅದೇ ಒಂದು ಕೆಜಿಗೆ ಬೇಕಾಗುವ ಹಸಿ ಬೀಜಕ್ಕೆ ಆ ವರ್ಷ ಅಪ್ಪನಿಗೆ ಸಿಕ್ಕಿದ್ದು ಅಲ್ಲಿನ ಎರಡು-ಮೂರು ಕಪ್ಪಿನ ದುಡ್ಡು. ಬಾಡಿಗೆ, ಸಂಬಳ, ಸಾಗಣೆ ಎಲ್ಲ ಕಳೆಯಬೇಕು, ನಿಜ. ಆದರೂ ಯಾರ ಪಾಲು ಎಷ್ಟು ಅಂತ ಕೇಳಬೇಕಾದರೆ ಮೊದಲು ಆ 'ಯಾರು' ಕಾಣಿಸಬೇಕು. ಈ ವಿಷಯದಲ್ಲಿ ಪ್ಯಾಕೆಟ್ಟಿನ ಮೇಲೆ ತೋಟದ ಹೆಸರು ಹಾಕುವ ನಮ್ಮ ಹೊಸ ಕೆಫೆಗಳಿಂದ ನೇಪಲ್ಸೇ ಕಲಿಯಬೇಕು. ರೋಬಸ್ಟಾಕ್ಕೆ ಮರ್ಯಾದೆ ಕೊಡೋದನ್ನು ನಾವು ಅವರಿಂದ ಕಲಿಯಬೇಕು.

ಉಳಿದ ಹತ್ತು ದಿನ ಫಿಲ್ಟರ್ ಸಾಕ್ಸಿನಲ್ಲೇ ಇತ್ತು. ವಾಪಸ್ ಬಂದು ಊರಿಗೆ ಹೋದಾಗ ಅಮ್ಮ ಎಂದಿನಂತೆ ಬೆಲ್ಲದ ಕಾಫಿ ಕೊಟ್ಟಳು. ನೇಪಲ್ಸಿನ ಕಥೆಯೆಲ್ಲ ಹೇಳಿದೆ. ಅಪ್ಪ ಕೇಳಿಸಿಕೊಂಡು, 'ಅಲ್ಲಿಯವರು ಕುಡೀಲಿ ಬಿಡು. ಈ ಸಲ ಒಳ್ಳೇ ಬೀಜದಲ್ಲಿ ಐದು ಕೆಜಿ ಮನೆಗೂ ಇಟ್ಕೊಳ್ಳೋಣ' ಅಂದರು. ಈಗ ಬೆಂಗಳೂರಿನ ನನ್ನ ಮನೆಗೆ ಬಂದವರಿಗೆ ಕೊಡೋದು ಅದನ್ನೇ. ಯಾವ ಕಾಫಿ ಅಂತ ಕೇಳಿದರೆ, ರೋಬಸ್ಟಾ ಅಂತಲೇ ಹೇಳ್ತೀನಿ.