ಎರವಲು, ಕಳವು, ಧಾರೆ: ಒಂದು ಪರಿಭಾಷೆಯ ವಿಮರ್ಶೆ

ಅಂದಿನ ಕಡೂರು ಜಿಲ್ಲೆಯ ಶಾಸನಗಳು ಎಪಿಗ್ರಾಫಿಯಾ ಕರ್ನಾಟಿಕದ ಆರನೆಯ ಸಂಪುಟವಾಗಿ 1901ರಲ್ಲಿ ಪ್ರಕಟವಾದುವು. ಕಡೂರು, ತರೀಕೆರೆ, ಅಜ್ಜಂಪುರಗಳ ಕಡೆಯ ದಾನಶಾಸನಗಳನ್ನು ಪಾಠ ಹೇಳುವಾಗ ನಾವು ಮೊದಲು ಕೇಳುವ ಪ್ರಶ್ನೆ, ಹಕ್ಕು ಯಾರಿಂದ ಯಾರಿಗೆ ಸಂದಿತು ಎಂಬುದು. ಗಣಕಯಂತ್ರದ ಪೈಥಾನ್ ಭಾಷೆಗೂ ಸಿ ಭಾಷೆಗೂ ನಡುವಣ ಸಂಪರ್ಕದಲ್ಲಿ ಏಳುವುದೂ ಇದೇ ಪ್ರಶ್ನೆ. ಶಾಸನಸೂಚಿಗಳನ್ನು ಗಣಕಕ್ಕೇರಿಸಬಯಸುವ ವಿದ್ಯಾರ್ಥಿಗಳು ಈ ಭಾಷೆಯನ್ನು ಕಲಿಯಬೇಕಾಗಿ ಬರುವುದರಿಂದ ಅದರ ಅಧಿಕೃತ ಕೈಪಿಡಿಯ ಪರಿಭಾಷೆಯನ್ನು ಇಲ್ಲಿ ಪರಿಶೀಲಿಸಹೊರಟಿದ್ದೇವೆ.

ಪೈಥಾನಿನಲ್ಲಿ ಪ್ರತಿಯೊಂದು ವಸ್ತುವಿಗೂ ಒಂದು ಎಣಿಕೆಯುಂಟು. ಅದನ್ನು ಹಿಡಿದಿರುವ ಸೂಚಿಗಳೆಷ್ಟೆಂಬುದೇ ಆ ಎಣಿಕೆ. ಅದು ಸೊನ್ನೆಗಿಳಿದೊಡನೆ ವಸ್ತು ಅಳಿದು ಅದರ ಸ್ಮೃತಿಸ್ಥಾನ ತೆರವಾಗುತ್ತದೆ. ಈ ವಿಧಾನವನ್ನು ಜಾರ್ಜ್ ಕಾಲಿನ್ಸ್ 1960ರಲ್ಲಿಯೇ ಪ್ರಕಟಿಸಿದ್ದರು. ಪೈಥಾನಿನಲ್ಲೇ ಬರೆಯುವವನಿಗೆ ಲೆಕ್ಕದ ಚಿಂತೆಯಿಲ್ಲ. ಸಿ ಭಾಷೆಯಲ್ಲಿ ಬರೆಯುವವನು ತಾನೇ ಏರಿಸಿ ಇಳಿಸಬೇಕು. ಇಳಿಸಲು ಮರೆತರೆ ಸ್ಮೃತಿ ಸೋರುತ್ತದೆ. ಹೆಚ್ಚಾಗಿ ಇಳಿಸಿದರೆ ಬಳಕೆಯಲ್ಲಿರುವ ವಸ್ತುವೇ ಅಳಿಯುತ್ತದೆ.

ಕೈಪಿಡಿಯು ಒಡೆತನವಿಲ್ಲದ ಸೂಚಿಯನ್ನು 'ಎರವಲು' ಎಂದು ಕರೆಯುತ್ತದೆ. ಎರವಲು ತಂದುದನ್ನು ಹಿಂದಿರುಗಿಸಬೇಕೆಂಬುದು ಲೋಕರೂಢಿ. ಇಲ್ಲಿ ಹಿಂದಿರುಗಿಸುವುದೇ ತಪ್ಪು. ಕೊಟ್ಟವನ ಕೈ ಬರಿದಾಗುವುದೂ ಇಲ್ಲ. ಹೋಲಿಕೆ ಪೂರ್ತಿ ಸರಿಯಲ್ಲವೆಂದು ಕೈಪಿಡಿಯೇ ಅಡಿಟಿಪ್ಪಣಿಯಲ್ಲಿ ಒಪ್ಪಿದೆ. ಆದರೆ ಅಡಿಟಿಪ್ಪಣಿಯನ್ನು ಓದುವವರೆಷ್ಟು ಮಂದಿ? ಅದು ಕೊಡುವ ಉದಾಹರಣೆಯಾದರೋ ಅತ್ಯುತ್ತಮವಾದುದು. ಪಟ್ಟಿಯೊಂದರ ಮೊದಲ ವಸ್ತುವನ್ನು ಎರವಲಾಗಿ ಪಡೆದು, ಎರಡನೆಯ ಸ್ಥಾನದಲ್ಲಿ ಬೇರೊಂದನ್ನು ಇಡುತ್ತೇವೆ. ಆ ಸ್ಥಾನದಿಂದ ಹೊರಬಿದ್ದ ವಸ್ತು ಅಳಿಯುವಾಗ ತನ್ನ ಅಂತ್ಯಕ್ರಿಯೆಯ ಆದೇಶದ ಮೂಲಕ ಮೊದಲ ವಸ್ತುವನ್ನೂ ಪಟ್ಟಿಯಿಂದ ತೆಗೆದುಹಾಕಬಹುದು. ಆಗ ನಮ್ಮ ಕೈಯಲ್ಲಿ ಉಳಿಯುವುದು ಇಲ್ಲದ ವಸ್ತುವಿನ ವಿಳಾಸ. ನಾವು ಎರವಲು ಪಡೆಯದ ಸ್ಥಾನದಿಂದಲೇ ಕೇಡು ಬಂದುದನ್ನು ವಾಚಕರು ಗಮನಿಸಬೇಕು. ಬದುಕು ಇನ್ನೊಬ್ಬನನ್ನು ನೆಚ್ಚಿರುವ ಇಂಥ ಸೂಚಿಗೆ 'ಆಶ್ರಿತ' ಎಂಬ ಹೆಸರೇ ಒಪ್ಪುತ್ತದೆ.

'ಕಳವು' ಎಂಬ ಮಾತು ಇನ್ನೂ ಅನುಚಿತ. ಪಟ್ಟಿಯಲ್ಲಿ ವಸ್ತುವನ್ನಿಡುವ ಸೆಟ್‌ಐಟಂ ಎಂಬ ಕ್ರಿಯೆ ನಮ್ಮ ಸೂಚಿಯನ್ನು ಕದಿಯುತ್ತದಂತೆ! ಕೊಡುವವನು ತಿಳಿದೇ ಕೊಟ್ಟು ಹಕ್ಕು ಬಿಡುವುದು ಕಳವಲ್ಲ. ನಮ್ಮ ಶಾಸನಗಳ ಮಾತಿನಲ್ಲಿ ಅದು ಧಾರೆಯೆರೆಯುವುದು. ಅದೇ ಪಟ್ಟಿಗೆ ಕೊನೆಯಲ್ಲಿ ಸೇರಿಸುವ ಅಪೆಂಡ್ ಎಂಬ ಕ್ರಿಯೆ ಮಾತ್ರ ತನ್ನದೇ ಪಾಲನ್ನು ಎಣಿಸಿಕೊಂಡು ನಮ್ಮದನ್ನು ನಮಗೇ ಬಿಡುತ್ತದೆ. ಈ ಭೇದ ಹೆಸರುಗಳಿಂದ ತಿಳಿಯುವಂತಿಲ್ಲ, ಕಂಠಪಾಠವೇ ಗತಿ.

ಭಾಷೆಯ ಕರ್ತೃಗಳು ಸುಮ್ಮನಿಲ್ಲವೆಂಬುದೂ ನಿಜ. 2024ರ 3.13ನೆಯ ಆವೃತ್ತಿಯಲ್ಲಿ ಪಟ್ಟಿಯ ವಸ್ತುವನ್ನು ಒಡೆತನಸಹಿತ ಕೊಡುವ ಗೆಟ್‌ಐಟಂರೆಫ್ ಬಂದಿದೆ. 2023ರ 3.12ರಲ್ಲಿ ಕೆಲವು ವಸ್ತುಗಳನ್ನು ಎಣಿಕೆಗೆ ಸಿಲುಕದ 'ಅಮರ' ವಸ್ತುಗಳೆಂದು ಸಾರಲಾಯಿತು, ಶಾಸನಕಾರರು ಆಚಂದ್ರಾರ್ಕವೆನ್ನುತ್ತಿದ್ದರು. ಮಾಡ್ಯೂಲಿಗೆ ವಸ್ತುವನ್ನು ಸೇರಿಸುವ ಹಳೆಯ ಆಡ್‌ಆಬ್ಜೆಕ್ಟ್ ಎಂಬುದು ಕೆಲಸ ಕೈಗೂಡಿದರೆ ಮಾತ್ರ ಸೂಚಿಯನ್ನು ತನ್ನದಾಗಿಸಿಕೊಂಡು, ಕೆಟ್ಟರೆ ನಮ್ಮ ಕೊರಳಿಗೇ ಬಿಡುತ್ತಿತ್ತು. ಅದರ ಬದಲಿಗೆ, ಎಂದೂ ಒಡೆತನ ಕೇಳದ ಆಡ್‌ಆಬ್ಜೆಕ್ಟ್‌ರೆಫ್ 2021ರ 3.10ನೆಯ ಆವೃತ್ತಿಯಿಂದಲೇ ದೊರೆಯುತ್ತಿದೆ. ಹೊಸದಾಗಿ ಬರೆಯುವ ವಿದ್ಯಾರ್ಥಿಗಳು ಇದನ್ನೇ ಬಳಸುವುದು ಲೇಸು.