ಗ್ರಂಥಪಾಲಕರ ಸಮ್ಮೇಲನವೂ ನಾಯಕಪದದ ಅರ್ಥವೂ

ಗ್ರಂಥಪಾಲಕರ ವೃತ್ತಿಸಂಘಗಳು ತಮ್ಮ ಮುಂದಾಳುಗಳಿಗಾಗಿಯೇ ಪ್ರತ್ಯೇಕವಾದ ಸಭೆಗಳನ್ನು ಕೂಡಿಸುವ ಪದ್ಧತಿಯು ಈಚೆಗೆ ಬಳಕೆಗೆ ಬಂದಿರುವುದು. ಇಂತಹ ಸಭೆಗಳಲ್ಲಿ ‘ನಾಯಕತ್ವ’ವೆಂಬ ಮಾತು ಪದೇ ಪದೇ ಕೇಳಿಬರುವುದು ಸಹಜವೇ. ಆದರೆ ಆ ಪದದ ಅರ್ಥವನ್ನು ವಿಚಾರಿಸದೆ ಅಂಗೀಕರಿಸಿದರೆ, ಸಭೆಗೆ ಹೋದವನು ಅಲ್ಲಿಂದ ಏನನ್ನು ಹೊತ್ತು ತರಬೇಕೆಂಬುದೇ ತಿಳಿಯದಂತಾಗುವುದು. ಆದಕಾರಣ ಮೊದಲು ಪದವನ್ನೂ, ಅನಂತರ ವಿಜಯಪುರದ ಸೀಮೆಯನ್ನು ಮುಂದಿಟ್ಟುಕೊಂಡು ಪದಾರ್ಥವನ್ನೂ ಪರೀಕ್ಷಿಸುವುದು ಈ ಲೇಖನದ ಉದ್ದೇಶ.

ವೈಯಾಕರಣರ ಮತದಲ್ಲಿ ‘ನಾಯಕ’ ಶಬ್ದವು ‘ನೀ’ ಧಾತುವಿನಿಂದ ಹುಟ್ಟಿದುದು. ಆ ಧಾತುವಿಗೆ ಪ್ರಾಪಣ, ಎಂದರೆ ಮುಟ್ಟಿಸುವಿಕೆ, ಎಂದು ಅರ್ಥ. ವಸ್ತುವನ್ನು ಅದು ಸೇರಬೇಕಾದ ಸ್ಥಳಕ್ಕೆ ಸೇರಿಸುವವನು ನಾಯಕನೇ ಹೊರತು ಎಲ್ಲರಿಗಿಂತ ಮುಂದಿನ ಪೀಠದಲ್ಲಿ ಕುಳಿತವನಲ್ಲ. ‘ಪಾಲಕ’ ಶಬ್ದಕ್ಕಾದರೋ ರಕ್ಷಣೆಯೇ ಅರ್ಥ. ಇಲ್ಲದುದನ್ನು ದೊರಕಿಸುವುದು ಯೋಗ, ಇದ್ದುದನ್ನು ಕಾಯುವುದು ಕ್ಷೇಮ ಎಂದು ನಮ್ಮ ಹಿರಿಯರು ಮಾಡಿದ ವಿಭಾಗವನ್ನು ಇಲ್ಲಿ ಸ್ಮರಿಸಬಹುದು. ಗ್ರಂಥಪಾಲಕನ ಪಾಲನವು ಕ್ಷೇಮ. ಅವನ ನಾಯಕತ್ವವು ಯೋಗ. ಶಿಯಾಳಿ ರಾಮಾಮೃತ ರಂಗನಾಥನ್ ಅವರು ೧೯೩೧ರಲ್ಲಿ ಪ್ರಕಟಿಸಿದ ಐದು ಸೂತ್ರಗಳ ತಾತ್ಪರ್ಯವೂ ಇದರಿಂದ ದೂರವಾದುದಲ್ಲ. ಪುಸ್ತಕವು ಉಪಯೋಗಕ್ಕೆ ಬರಬೇಕು, ಅದಕ್ಕೆ ತಕ್ಕ ಓದುಗನನ್ನು ಅದು ಸೇರಬೇಕು ಎಂಬುದೇ ಅವುಗಳ ತಿರುಳು.

ಈ ವೃತ್ತಿಯು ನಮ್ಮ ನಾಡಿಗೆ ಹೊರಗಿನಿಂದ ಬಂದುದೆಂದು ಎಣಿಸುವವರು ಕಲಬುರಗಿ ಜಿಲ್ಲೆಯ ನಾಗಾವಿಯ ೧೦೫೮ನೆಯ ಇಸವಿಯ ಶಾಸನವನ್ನು ನೋಡಬೇಕು. ಅಲ್ಲಿಯ ಘಟಿಕಾಸ್ಥಾನದಲ್ಲಿ ವೇದಾಧ್ಯಯನದ ೨೦೦ ಮಂದಿಗೂ ಶಾಸ್ತ್ರಾಧ್ಯಯನದ ೫೨ ಮಂದಿಗೂ ವ್ಯವಸ್ಥೆಯಿದ್ದುದಲ್ಲದೆ, ಆರು ಮಂದಿ ಸರಸ್ವತೀ ಭಂಡಾರಿಗರೂ ಇದ್ದರು. ಉಪಾಧ್ಯಾಯರಿಗೆ ಇದ್ದಂತೆಯೇ ಇವರಿಗೂ ಭೂಮಿಯ ವೃತ್ತಿಯು ವಿಹಿತವಾಗಿತ್ತು. ವಿಜಯಪುರ ಜಿಲ್ಲೆಯದೇ ಆದ ಸಾಲೋಟಗಿಯ ೯೪೫ರ ಶಾಸನದಲ್ಲಿ ವಿದ್ಯಾರ್ಥಿಗಳ ವಸತಿಗಾಗಿ ೨೭ ಮನೆಗಳೂ ದೀಪಕ್ಕಾಗಿ ೧೨ ನಿವರ್ತನ ಭೂಮಿಯೂ ಹೇಳಲ್ಪಟ್ಟಿವೆ. ವಿದ್ಯೆಗೆ ಬೇಕಾದ ಎಣ್ಣೆಯ ಲೆಕ್ಕವನ್ನೂ ಬಿಡದೆ ಇಟ್ಟವರು ನಮ್ಮ ಪೂರ್ವಿಕರು.

ವಿಜಯಪುರ ನಗರದಲ್ಲಿಯೂ ಪುಸ್ತಕಪ್ರೇಮಕ್ಕೆ ಕೊರತೆಯಿರಲಿಲ್ಲ. ೧೫೫೮ರಿಂದ ೧೫೮೦ರವರೆಗೆ ಆಳಿದ ಮೊದಲನೆಯ ಅಲಿ ಆದಿಲಶಾಹನು ತನ್ನ ಗ್ರಂಥಭಾಂಡಾರವನ್ನು ಶೇಷ ವಾಮನಪಂಡಿತನಿಗೆ ಒಪ್ಪಿಸಿದ್ದನು. ಮುಸಲ್ಮಾನ ಅರಸನ ಭಾಂಡಾರಕ್ಕೆ ಸಂಸ್ಕೃತ ಪಂಡಿತನು ಅಧಿಕಾರಿಯಾದನೆಂಬುದು ಆ ಕಾಲದ ಔದಾರ್ಯಕ್ಕೆ ಸಾಕ್ಷಿ. ಆದರೂ ಆ ಭಾಂಡಾರವು ಅರಸನದಾಗಿತ್ತೇ ಹೊರತು ಊರಿನದಾಗಿರಲಿಲ್ಲ. ೧೬೮೬ರಲ್ಲಿ ಔರಂಗಜೇಬನು ನಗರವನ್ನು ಹಿಡಿದಮೇಲೆ ರಾಜ್ಯದೊಡನೆ ಭಾಂಡಾರದ ಆಶ್ರಯವೂ ಅಳಿಯಿತು. ಆಸಾರ ಮಹಲಿನಲ್ಲಿ ಉಳಿದಿದ್ದ ಅರಬ್ಬೀ ಪಾರಸೀ ಹಸ್ತಪ್ರತಿಗಳು ೧೮೫೩ರಲ್ಲಿ ಲಂಡನ್ ನಗರವನ್ನು ಸೇರಿದುವು. ಇಂದಿಗೂ ಅಲ್ಲಿಯೇ ಇರುವುವು. ಅವು ಅಲ್ಲಿಗೆ ಹೋಗದಿದ್ದರೆ ಗೆದ್ದಲಿಗೆ ಆಹಾರವಾಗುತ್ತಿದ್ದುವೆಂದು ಹೇಳುವವರ ಮಾತನ್ನು ನಾವು ಅಲ್ಲಗಳೆಯುವುದಿಲ್ಲ. ಕ್ಷೇಮವು ಸಿದ್ಧಿಸಿತು, ನಿಜ. ಆದರೆ ಆಸಾರ ಮಹಲಿನ ನೆರೆಯಲ್ಲಿ ಹುಟ್ಟಿ ಬೆಳೆದ ಓದುಗನಿಗೆ ಯೋಗವು ತಪ್ಪಿಯೇ ಹೋಯಿತು.

ಇನ್ನು ಸಮ್ಮೇಲನದ ವಿಚಾರ. ೧೯೨೪ರ ಡಿಸೆಂಬರಿನಲ್ಲಿ ಮಹಾತ್ಮಾ ಗಾಂಧಿಯವರ ಅಧ್ಯಕ್ಷತೆಯಲ್ಲಿ ಬೆಳಗಾವಿಯಲ್ಲಿ ಕಾಂಗ್ರೆಸ್ಸು ಸೇರಿದಾಗ, ಅದೇ ಊರಿನಲ್ಲಿ ಅಖಿಲ ಭಾರತ ಸಾರ್ವಜನಿಕ ಗ್ರಂಥಾಲಯ ಸಮ್ಮೇಲನವೂ ದೇಶಬಂಧು ಚಿತ್ತರಂಜನ ದಾಸರ ಅಧ್ಯಕ್ಷತೆಯಲ್ಲಿ ನೆರೆಯಿತು. ಸಭೆಯ ಫಲವನ್ನು ಅಳೆಯಬೇಕಾದರೆ ಅಲ್ಲಿ ನಡೆದ ಭಾಷಣಗಳನ್ನಲ್ಲ, ಅಲ್ಲಿಗೆ ಬಂದವರು ಹಿಂದಿರುಗಿ ಏನು ಮಾಡಿದರೆಂಬುದನ್ನು ನೋಡಬೇಕು. ಮರುವರ್ಷ, ೧೯೨೫ರಲ್ಲಿ, ವಂಗದೇಶದಲ್ಲಿ ಗ್ರಂಥಾಲಯ ಸಂಘವು ಹುಟ್ಟಿತು. ರವೀಂದ್ರನಾಥ ಠಾಕೂರರು ಅದರ ಪ್ರಥಮಾಧ್ಯಕ್ಷರಾದರು. ಅದಕ್ಕಾಗಿ ದುಡಿದವರಲ್ಲಿ ಬೆಳಗಾವಿಯಿಂದ ಹಿಂದಿರುಗಿದ ಸುಶೀಲಕುಮಾರ ಘೋಷರು ಒಬ್ಬರು. ಹೀಗೆ ಕನ್ನಡ ನೆಲದ ಸಭೆಯ ಬೀಜವು ಗಂಗಾತೀರದಲ್ಲಿ ಬೇಗನೆ ಮೊಳೆಯಿತು. ಸಭೆಗೆ ಮನೆಕೊಟ್ಟ ನಾಡಿಗೆ ಸಾರ್ವಜನಿಕ ಗ್ರಂಥಾಲಯಗಳ ಕಾಯಿದೆಯು ದೊರೆತುದು ೧೯೬೫ರಲ್ಲಿ, ಎಂದರೆ ೪೧ ವರ್ಷಗಳ ಮೇಲೆ. ಅತಿಥಿಯು ಹೊತ್ತುಕೊಂಡು ಹೋದುದನ್ನು ಆತಿಥೇಯನು ಕಾಣದೆ ಹೋದನೆಂದು ಹೇಳಿದರೆ ತಪ್ಪಾಗಲಾರದು.

ಆದರೆ ಅದೇ ವರ್ಷಗಳಲ್ಲಿ ವಿಜಯಪುರದಲ್ಲಿ ಒಬ್ಬರು ಯಾವ ಸಂಘದ ಅಧಿಕಾರವೂ ಇಲ್ಲದೆ ನಾಯಕರ ಕಾರ್ಯವನ್ನು ನಡೆಸಿದ್ದರು. ಫ. ಗು. ಹಳಕಟ್ಟಿಯವರು (೧೮೮೦–೧೯೬೪) ವೃತ್ತಿಯಿಂದ ವಕೀಲರು. ಊರೂರಿನ ಮನೆಮಠಗಳಲ್ಲಿ ಕಟ್ಟಿಟ್ಟಿದ್ದ ತಾಡವೋಲೆಗಳನ್ನು ಅವರು ಹುಡುಕಿ ತಂದರು. ಅವರ ‘ವಚನಶಾಸ್ತ್ರಸಾರ’ದ ಮೊದಲ ಭಾಗವು ೧೯೨೩ರಲ್ಲಿ ಬೆಳಗಾವಿಯಲ್ಲಿಯೇ ಅಚ್ಚಾಯಿತು. ೧೯೨೫ರಲ್ಲಿ ಇದ್ದ ಮನೆಯನ್ನು ಮಾರಿ ಹಿತಚಿಂತಕ ಮುದ್ರಣಾಲಯವನ್ನು ಸ್ಥಾಪಿಸಿ, ೧೯೨೬ರಲ್ಲಿ ‘ಶಿವಾನುಭವ’ ಪತ್ರಿಕೆಯನ್ನು ಹೊರಡಿಸಿದರು. ಓಲೆಯು ಮನೆಯವರ ಪೂಜೆಯಲ್ಲಿ ಕ್ಷೇಮವಾಗಿಯೇ ಇದ್ದಿತು. ಅದನ್ನು ಓದುಗನಿಗೆ ಮುಟ್ಟಿಸಿದವರು ಹಳಕಟ್ಟಿಯವರು. ಪ್ರಾಪಣವೆಂಬ ಧಾತ್ವರ್ಥಕ್ಕೆ ಇದಕ್ಕಿಂತ ಸ್ಫುಟವಾದ ಉದಾಹರಣೆಯು ಬೇಕಿಲ್ಲ.

ಈಗ ಪ್ರಕೃತಕ್ಕೆ ಬರೋಣ. ವಿಜಯಪುರದಿಂದ ಅಥಣಿಯ ದಾರಿಯಲ್ಲಿ ತಿಕೋಟಾ, ಜಮಖಂಡಿಯ ದಾರಿಯಲ್ಲಿ ಬಬಲೇಶ್ವರ. ಇವೆರಡೂ ಮೊದಲು ವಿಜಯಪುರ ತಾಲ್ಲೂಕಿಗೆ ಸೇರಿದ್ದು ೨೦೧೮ರಲ್ಲಿ ಬೇರೆ ತಾಲ್ಲೂಕುಗಳಾದುವು. ನಗರದಲ್ಲಿ ವಿಶ್ವವಿದ್ಯಾಲಯ, ಕಾಲೇಜುಗಳ ಗ್ರಂಥಪಾಲಕರಿರುವರು. ಅವರಿಗೆ ಪದವಿಯೂ ವೇತನಶ್ರೇಣಿಯೂ ಸಂಘವೂ ಇರುವುವು. ಹಳ್ಳಿಗಳ ಸ್ಥಿತಿಯು ಬೇರೆ. ನಾಡಿನ ೫,೦೦೦ಕ್ಕೂ ಮೀರಿದ ಗ್ರಾಮ ಪಂಚಾಯಿತಿ ಗ್ರಂಥಾಲಯಗಳು ೨೦೧೯ರಲ್ಲಿ ಗ್ರಂಥಾಲಯ ಇಲಾಖೆಯಿಂದ ಪಂಚಾಯತ್ ರಾಜ್ ಇಲಾಖೆಗೆ ಸೇರಿ, ಕ್ರಮೇಣ ‘ಅರಿವು ಕೇಂದ್ರ’ಗಳೆಂಬ ಹೆಸರನ್ನು ಪಡೆದುವು. ‘ಅರಿವು’ ವಚನಕಾರರ ಮಾತು. ಅದರ ವಿಷಯದಲ್ಲಿ ನಮಗೆ ಆಕ್ಷೇಪವಿಲ್ಲ. ಆದರೆ ಬಹುಕಾಲ ಬರಿಯ ಗೌರವಧನದ ಮೇಲೆ ಅವುಗಳನ್ನು ನಡೆಸಿಕೊಂಡು ಬಂದವನ ಹೆಸರು ‘ಮೇಲ್ವಿಚಾರಕ’. ಈ ಪದದಲ್ಲಿ ಗ್ರಂಥವೂ ಇಲ್ಲ, ಪಾಲನವೂ ಇಲ್ಲ, ಪ್ರಾಪಣವೂ ಇಲ್ಲ. ೧೦೫೮ರಲ್ಲಿ ಸರಸ್ವತೀ ಭಂಡಾರಿಗನೆನಿಸಿದವನು ಇಂದು ಕಟ್ಟಡದ ಕಾವಲುಗಾರನಿಗೂ ಸಲ್ಲುವ ಹೆಸರಿನಿಂದ ಕರೆಯಲ್ಪಡುವನು. ೨೦೨೦ರಲ್ಲಿ ‘ಓದುವ ಬೆಳಕು’ ಎಂಬ ಕಾರ್ಯಕ್ರಮದಿಂದ ಹಳ್ಳಿಯ ಮಕ್ಕಳ ಕೈಗೆ ಪುಸ್ತಕವನ್ನು ಕೊಡುವ ಹೊಣೆಯು ಬಿದ್ದುದೂ ಇವನ ಮೇಲೆಯೇ.

ಇಲ್ಲಿ ಪೂರ್ವಪಕ್ಷವೊಂದುಂಟು. ವೃತ್ತಿಸಂಘವು ಶಿಕ್ಷಣ ಪಡೆದವರಿಗಾಗಿ ಇರುವುದು. ಶಿಕ್ಷಣವಿಲ್ಲದವರನ್ನು ಸೇರಿಸಿಕೊಂಡರೆ ವೃತ್ತಿಯ ಮಟ್ಟವೇ ಕುಸಿಯುವುದು ಎಂಬುದು ಅದರ ಸಾರಾಂಶ. ಶಿಕ್ಷಣವು ಅವಶ್ಯವೆಂಬುದನ್ನು ನಾವೂ ಒಪ್ಪುವೆವು. ಆದರೆ ಶಿಕ್ಷಣವು ದೊರೆಯದವನಿಗೆ ಅದನ್ನು ದೊರಕಿಸುವುದೇ ಯೋಗವಲ್ಲವೆ? ಬಲ್ಲವರು ತಮ್ಮತಮ್ಮಲ್ಲಿಯೇ ಕುಳಿತು ನಾಯಕತ್ವವನ್ನು ಕುರಿತು ಮಾತನಾಡಿ ಏಳುವುದಾದರೆ, ಆ ವಿದ್ಯೆಯು ಆಸಾರ ಮಹಲಿನ ಬೀಗದೊಳಗಿನ ಗ್ರಂಥದಂತೆಯೇ ಸರಿ.

ಆದುದರಿಂದ ನಮ್ಮ ಸಿದ್ಧಾಂತವಿಷ್ಟೆ. ಮುಂದಾಳುಗಳ ಸಭೆಗೆ ಹೋಗುವ ಗ್ರಂಥಪಾಲಕನು ತಿಕೋಟಾ ಬಬಲೇಶ್ವರಗಳ ಮೇಲ್ವಿಚಾರಕರಲ್ಲಿ ಒಬ್ಬನನ್ನಾದರೂ ಜೊತೆಯಲ್ಲಿ ಕರೆದೊಯ್ಯಲಿ. ಅವನ ಮಾತಿಗೂ ಅಲ್ಲಿ ಒಂದು ಹೊತ್ತು ಸಲ್ಲಲಿ. ಹಿಂದಿರುಗಿದಮೇಲೆ ತಾನು ಕಲಿತ ವರ್ಗೀಕರಣವನ್ನೂ ಸೂಚೀಕರಣವನ್ನೂ ಅವನ ಕಪಾಟಿನ ಮುಂದೆ ನಿಂತು ತಿಳಿಸಲಿ. ಅಷ್ಟಾದರೆ ನಾಯಕಪದವು ಅನ್ವರ್ಥವಾದೀತು.